ಸಾಕು
ರೊಸಾರಿಯೊದ ಪ್ರಯೋಗಾಲಯದಲ್ಲಿ ರಕ್ತದ ಕಾವಲು ಕೋಶಗಳನ್ನು ಸಾಕುವ ಎಡೆಲ್ಮಿರಾಳಿಗೆ ದಿನಕ್ಕೆ ನೂರು ಸಲ ‘ಸಾಕು’ ಎನ್ನದಿದ್ದರೆ ತಿಂದದ್ದು ಅರಗುವುದಿಲ್ಲ. ಯಾರಾದರೂ ಎರಡನೇ ಬಿಸ್ಕತ್ತಿಗೆ ಕೈಚಾಚಿದರೆ ‘ಸಾಕು’, ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಓಸ್ವಾಲ್ದೊ ಭಾಷಣ ಶುರುಮಾಡಿದರೆ ‘ಸಾಕು’. “ಕೋಶಗಳಿಗೆ ಒಂದು ಪ್ರೋಟೀನು ಏಳ್ರೋ, ಹೊಡೀರೋ ಅನ್ನತ್ತೆ, ಇನ್ನೊಂದು ಸಾಕು, ಮನೆಗೆ ಹೋಗ್ರೋ ಅನ್ನತ್ತೆ. ಆ ಎರಡನೇದು ಕೇಳಿಸದಿದ್ರೆ ಇರೋ ಮನೇನೇ ಮುರಿದುಹಾಕ್ತಾವೆ,” ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಅವಳ ತಂಗಿ ನೆಲಿದಾಳ ಮೂತ್ರಪಿಂಡಗಳನ್ನು ಕೆಡವಿದ್ದು ಹೀಗೆ ಕಿವುಡಾದ ಅವಳದೇ ಕೋಶಗಳು. ತಂಗಿ ತೀರಿಹೋಗಿ ಎಂಟು ವರ್ಷವಾಯಿತು. ಪರೀಕ್ಷೆಗೆಂದು ಅವಳ ರಕ್ತದಿಂದ ತೆಗೆದಿದ್ದ ಆ ಕೋಶಗಳು ಮಾತ್ರ ಪ್ರಯೋಗಾಲಯದ ಮೂಲೆಯ ಬಾಟಲಿಯಲ್ಲಿ ಇನ್ನೂ ಬದುಕಿವೆ. ‘ಏಳ್ರೋ’ ಎನ್ನುವ ಪ್ರೋಟೀನು ಎರಡು ದಿನ ತಪ್ಪಿದರೆ ಸತ್ತಾವೆಂದು ಎಡೆಲ್ಮಿರಾ ರಜೆಯನ್ನೇ ಹಾಕುವುದಿಲ್ಲ. “ಇದರ ಪರೀಕ್ಷೆ ಎಲ್ಲಾ ಮುಗೀತಲ್ಲ ಮಾರಾಯ್ತಿ, ಇನ್ನಾದ್ರೂ ಸಾಕು ಅನ್ನು,” ಎಂದ ಓಸ್ವಾಲ್ದೊ ಮೊನ್ನೆ. “ಸಾಕ್ತಾನೇ ಇದೀನಲ್ಲ,” ಎಂದು ಅವಳು ಬಾಟಲಿಗೆ ಇನ್ನೊಂದು ಹನಿ ಬಿಟ್ಟಳು.