ಜಟಾಮಾಂಸಿಗೆ ಕಾಫಿಯ ಉಪಚಾರ

ನಮ್ಮ ಚೆಟ್ಟಳ್ಳಿಯಲ್ಲಿ ಕೋಲು ನೆಟ್ಟರೂ ಚಿಗುರುತ್ತದೆ ಎಂಬ ಜಂಬ ನನಗಿತ್ತು. ಬೇಲಿಗೆ ಹೊಡೆದ ಗೂಟವೇ ಮರವಾಗಿ, ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಮೇಲೆ ಜಂಬ ಬರದೆ ಇರುತ್ತದೆಯೇ? ಅದನ್ನು ಇಳಿಸಿದ್ದು ಗೇಣುದ್ದವೂ ಇಲ್ಲದ ಒಂದು ಜಟಾಮಾಂಸಿ ಗಿಡ.

ನನ್ನ ಅವ್ವನಿಗೆ ಎಂಬತ್ತು ದಾಟಿದೆ, ನಿದ್ದೆ ಕಡಿಮೆ. ಜಟಾಮಾಂಸಿಯ ಬೇರು ಹಾಕಿ ಕಾಯಿಸಿದ ಎಣ್ಣೆ ನೆತ್ತಿಗೆ ಬಿದ್ದರೆ ಮಾತ್ರ ಒಂದಿಷ್ಟು ಕಣ್ಣು ಮುಚ್ಚುತ್ತಾಳೆ. ಅಂಗಡಿಯಲ್ಲಿ ಸಿಗುವ ಒಣಬೇರಿನಲ್ಲಿ ಈಚೆಗೆ ಕಸವೇ ಜಾಸ್ತಿ, ಮನೆಯಲ್ಲೇ ಬೆಳೆದದ್ದು ಬೇಕು ಎಂದು ಹಟ ಹಿಡಿದಳು. ಹಿಮಾಲಯದ ಕಡೆಯ ನರ್ಸರಿಯೊಂದರಿಂದ ಪಾರ್ಸೆಲ್‌ನಲ್ಲಿ ಸಸಿ ತರಿಸಿದೆ.

ಈ ಗಿಡದ ಹುಟ್ಟೂರು ಮರಗಳೂ ಹತ್ತಲು ಒಲ್ಲದ ಎತ್ತರ. ತಿಂಗಳುಗಟ್ಟಲೆ ಹಿಮ, ಉಳಿದಂತೆ ಗಾಳಿ. ಕಲ್ಲುಸಂದಿಯಲ್ಲಿ ಬೇರು, ನಿಲ್ಲದೆ ಇಳಿದುಹೋಗುವ ನೀರು. ಮಡಿಕೇರಿಯ ಚಳಿಗೆ ನಾವು ಕಂಬಳಿ ಹೊದ್ದರೆ ಅದು ಬೀಸಣಿಗೆ ಕೇಳೀತು. ಆಯುರ್ವೇದ ಇದರ ಗುಣವನ್ನು ಹೊಗಳುತ್ತದೆ. ವಾಸನೆಯ ಬಗ್ಗೆ ನನ್ನನ್ನು ಕೇಳಿದರೆ, ಮಳೆಗಾಲದಲ್ಲಿ ಒಣಗದ ಕಾಲುಚೀಲದ ನೆನಪಾಗುತ್ತದೆ. ಅವ್ವನಿಗೆ ಅದೇ ಪರಿಮಳ.

ಕಾಫಿ ಬಿಟ್ಟರೆ ಬೇರೇನನ್ನೂ ಸಾಕಿ ಗೊತ್ತಿಲ್ಲದವರು ನಾವು. ಕಾಫಿ ಗಿಡಕ್ಕೆ ಮಾಡುವ ಹಾಗೆಯೇ ಬಿಸಿಲು ತಾಗದಂತೆ ನಾನು ಇದಕ್ಕೂ ನೆರಳು ಮಾಡಿದೆ. ನರ್ಸರಿಯವರು ಬೇಡವೆಂದಿದ್ದರೂ ನನ್ನ ಹೆಂಡತಿ ಲೀಲಾ ಕೊಟ್ಟಿಗೆ ಗೊಬ್ಬರ ಸುರಿದಳು. "ಮನೆಗೆ ಬಂದವ್ಕೆ ಬರೀ ನೀರ್ ಕೊಟ್ಟ್ ಕೂರ್ಸಿಕೆ ಆದೆನಾ?" ಎಂದಳು. ನಮ್ಮಲ್ಲಿ ನೆಂಟರು ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಅನ್ನ ಬೀಳುತ್ತದೆ. ನೆಂಟರೇನೋ ಹೇಗೋ ಬದುಕಿಕೊಂಡಿದ್ದಾರೆ. ಗಿಡದ ಎಲೆ ಬಾಡತೊಡಗಿದಾಗ ನಾನು ಕುಂಡವನ್ನೇ ಎತ್ತಿ ಫ್ರಿಜ್ಜಿನಲ್ಲಿ ಮೀನಿನ ಪಕ್ಕ ಇಟ್ಟೆ. ಏನು ಮಾಡಿದರೂ ಕೇಳದೆ, ಆಟಿ ತಿಂಗಳ ಜಡಿಮಳೆ ಹಿಡಿದ ವಾರವೇ ಬೇರು ಕೊಳೆಯಿತು.

ನನಗೆ ನಿಜಕ್ಕೂ ಸಂಕಟವಾಯಿತು. ಸಸಿಯ ಬೇರು ಎಣ್ಣೆಗೆ ಆಗುವಷ್ಟು ಬಲಿಯಲು ವರ್ಷಗಳೇ ಬೇಕು. ಎಂಬತ್ತು ದಾಟಿದವಳ ಎದುರು ನಿಂತು 'ಮತ್ತೆ ಮೊದಲಿನಿಂದ' ಎನ್ನುವುದು ಹೇಗೆ? ಎರಡು ದಿನ ಕಳ್ಳನಂತೆ ಓಡಾಡಿ, ಕೊನೆಗೆ ಕುಂಡವನ್ನು ಅವಳ ಮುಂದೆ ಇಟ್ಟೆ. ಅವ್ವ ಮಣ್ಣನ್ನು ಚೂರು ತೆಗೆದು ಮೂಸಿದಳು.

"ಇನ್ನೊಂದು ತರ್ಸು" ಎಂದಳು.

"ಮತ್ತೆ ಮೂರ್ನಾಲ್ಕು ವರ್ಷ ಕಾಯೊಕು, ಅವ್ವಾ" ಎಂದೆ.

"ಹಂಗಾರೆ ಬೇಗ ತರ್ಸು."