ಮುದ್ದಯ್ಯನ ನೆರಳು ಮೂಡಲಿಗೆ ಬಿದ್ದದ್ದು

ಮದ್ದೂರು ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಜೆರಾಕ್ಸ್ ಅಂಗಡಿ ಪಕ್ಕದಲ್ಲೇ ನಯಾಜ್ ಪಾಷಾನ ಫೋಟೊ ಸ್ಟುಡಿಯೊ. ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತ ಮುಖಂಡರ ಹೊಟ್ಟೆ ಕರಗಿಸಿದವನು ಇವನೇ.

ಒಂದು ಫೋಟೊದಿಂದ ಆಳನ್ನು ಕತ್ತರಿಸಿ ಇನ್ನೊಂದರಲ್ಲಿ ನಿಲ್ಲಿಸುವುದು ಅವನ ಕಸುಬು. ಹಾಗೆ ನಿಲ್ಲಿಸಿದವನ ಕಾಲ ಬುಡದಲ್ಲಿ ನೆರಳು ಹಾಕದಿದ್ದರೆ ನೆಲಕ್ಕೆ ತಾಗದೆ ತೇಲುತ್ತಾನೆ. ಅದಕ್ಕೆ ನಯಾಜ್ ಹದಿನೈದು ವರ್ಷದ ಹಿಂದೆ ಕಂಪ್ಯೂಟರಿನಲ್ಲಿ ಒಂದು ನೆರಳು ಮಾಡಿಟ್ಟುಕೊಂಡ. ಬಲಕ್ಕೆ ವಾಲಿದ್ದು, ಹದವಾಗಿ ಮಸುಕು. ಅಂದಿನಿಂದ ಎಲ್ಲರಿಗೂ ಅದೇ. ಯಾರೂ ದೂರು ಹೇಳಿರಲಿಲ್ಲ. ಫ್ಲೆಕ್ಸಿನಲ್ಲಿರುವವರು ತಮ್ಮ ಮುಖ ಬಿಟ್ಟು ಬೇರೇನೂ ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೋದ ಬೇಸಿಗೆಯಲ್ಲಿ ಬೆಸಗರಹಳ್ಳಿಯ ಸೋಮಮ್ಮ ಬಂದರು. ಮಗಳು ಸುನಿತಾಳ ಮದುವೆ ಆಗಷ್ಟೇ ಮುಗಿದಿತ್ತು. ಗಂಡ ಮುದ್ದಯ್ಯ ಅದಕ್ಕೆ ನಾಲ್ಕು ತಿಂಗಳ ಮೊದಲು ತೀರಿಕೊಂಡಿದ್ದರು. ಛತ್ರದ ಮುಂದೆ ಎಲ್ಲರೂ ಸಾಲಾಗಿ ನಿಂತ ಫೋಟೊದಲ್ಲಿ ಮಗಳ ಪಕ್ಕ ಒಂದಾಳಿನ ಜಾಗ ಖಾಲಿ ಇತ್ತು. ಒತ್ತಾಗಿ ನಿಲ್ಲಿ ಎಂದು ಫೋಟೊದವನು ಎಷ್ಟು ಕೂಗಿದರೂ ಸೋಮಮ್ಮ ಅಲ್ಲಿಗೆ ಯಾರನ್ನೂ ಬಿಟ್ಟಿರಲಿಲ್ಲ. ಆ ಜಾಗದಲ್ಲಿ ಮುದ್ದಯ್ಯ ನಿಲ್ಲಬೇಕು, ಅಂಟಿಸಿದ ಹಾಗೆ ಕಾಣಬಾರದು. ಅವರು ಕೇಳಿದ್ದು ಇಷ್ಟೇ.

ಮುದ್ದಯ್ಯನದು ಇದ್ದದ್ದು ಒಂದೇ ಫೋಟೊ, ಡೈರಿ ಮುಂದೆ ಹಾಲಿನ ಕ್ಯಾನ್ ಪಕ್ಕ ನಿಂತದ್ದು. ನಯಾಜ್ ಎರಡು ದಿನ ಕೂತು ಕ್ಯಾನ್ ತೆಗೆದ, ಹೆಗಲ ಟವೆಲ್ಲಿನ ಎಳೆ ಎಳೆ ಬಿಡಿಸಿದ, ಪಂಚೆ ಬೆಳ್ಳಗೆ ಮಾಡಿದ. ಕೊನೆಗೆ ತನ್ನ ಮಾಮೂಲಿ ನೆರಳು ಹಾಕಿದ. ನಾನೂ ನೋಡಿದೆ. ತಪ್ಪು ಹುಡುಕುವುದರಲ್ಲಿ ನಾನೇನು ಕಡಿಮೆಯವನಲ್ಲ, ಒಂದೂ ಸಿಗಲಿಲ್ಲ.

ಸೋಮಮ್ಮ ಮೊದಲು ಗಂಡನ ಮುಖ ನೋಡಿದರು. ಕಾಲ ಕಡೆ ನೋಡಿ ಹುಬ್ಬು ಗಂಟಿಕ್ಕಿದರು. ಗದ್ದೆಯಲ್ಲಿ ನೆರಳು ನೋಡಿಯೇ ಹೊತ್ತು ತಿಳಿದು ಬದುಕಿದ ಹೆಂಗಸು.

“ಇದು ಬೆಳಿಗ್ಗೆ ಒಂಬತ್ ಗಂಟೆ ಬಿಸ್ಲು. ನಮ್ಮೆಲ್ರ ನೆಳ್ಳು ಪಡುವ್ಲಿಗೆ ಬಿದ್ದದೆ, ಇವ್ರ್ದು ಮೂಡ್ಲಿಗೆ. ಸಂಜೆ ಬಂದವ್ರೆ ಕಣಪ್ಪ ಇವ್ರು.”

ನಯಾಜ್ ಪೆಚ್ಚಾದ. ಇದನ್ನು ಯಾರೂ ಗಮನಿಸುವುದಿಲ್ಲ ಎಂದು ಹೇಳಿ ನೋಡಿದ. ಸೋಮಮ್ಮ ಕುರ್ಚಿ ಎಳೆದು ಕೂತರು. ಮಗಳ ಕಿವಿ ಚುಚ್ಚಿಸಿದ ದಿನ ಮುದ್ದಯ್ಯ ಬಂದದ್ದು ಊಟ ಮುಗಿದ ಮೇಲೆ. ಸ್ಕೂಲಿನಲ್ಲಿ ಅವಳಿಗೆ ಬಹುಮಾನ ಕೊಟ್ಟಾಗ, ಗೇಟು ಹಾಕಿದ ಮೇಲೆ. ನಿಶ್ಚಿತಾರ್ಥಕ್ಕೂ ತಾಂಬೂಲ ಬದಲಾಯಿಸಿದ ಮೇಲೆಯೇ. ಪ್ರತಿ ಸಲವೂ ಕಬ್ಬಿಗೆ ನೀರು ಕಟ್ಟುತ್ತಿದ್ದೆ ಎಂಬ ಒಂದೇ ನೆಪ. ಇದನ್ನೆಲ್ಲ ಅವರು ದಿನಸಿ ಪಟ್ಟಿ ಓದುವವರ ದನಿಯಲ್ಲಿ ಹೇಳಿದರು.

“ತಿರುಗ್ಸಪ್ಪ ನೆಳ್ಳ. ಮದ್ವೆಗಾದ್ರೂ ಹೊತ್ಗೆ ಸರ್ಯಾಗಿ ಬರ್ಲಿ.”

ನಯಾಜ್ ಹಳೆಯ ನೆರಳು ಅಳಿಸಿ, ಉಳಿದವರದನ್ನು ನೋಡಿಕೊಂಡು ಎಡಕ್ಕೆ ಹೊಸದು ಬರೆದ. ಅದು ಸುನಿತಾಳ ಸೀರೆಯ ಅಂಚಿನ ಮೇಲೆ ಬಿತ್ತು. ಅಷ್ಟನ್ನು ಅಳಿಸಲೇ ಎಂದು ಕೇಳಿದ. ಸೋಮಮ್ಮ ಬೇಡವೆಂದು ತಲೆಯಾಡಿಸಿದರು.

ಆಮೇಲೆ ಅವರು ಕಂಪ್ಯೂಟರಿನ ಹತ್ತಿರ ಬಗ್ಗಿ, ಗಂಡನನ್ನೇ ನೋಡುತ್ತ, “ಬಂದ್ರಾ?” ಅಂದರು.