ತಾಂಬಾದ ರಸ್ತೆಯಲ್ಲಿ ಸ್ಪ್ಯಾನಿಷ್

ರೇಣವ್ವ ಓದಿದ್ದು ಎರಡನೆಯ ಇಯತ್ತೆ. ಊರು ತಾಂಬಾ, ಸಂತೆಗೆ ಇಂಡಿ, ತವರು ಇಂಗಳೇಶ್ವರ. ಅಷ್ಟೇ ಅವಳು ಕಂಡ ಜಗತ್ತು. ಅಂಥವಳ ಬಾಯಲ್ಲಿ ಸ್ಪ್ಯಾನಿಷ್ ಮಾತು ಬರುತ್ತದೆ. ಕಲಿತದ್ದು ಮಗಳು ಕೋಮಲಳ ಸಲುವಾಗಿ.

ಕೋಮಲ ಸೈಕಲ್ ಸ್ಪರ್ಧೆಯ ಹುಡುಗಿ. ನಸುಕಿನಲ್ಲಿ ಅವಳು ಸೈಕಲ್ ಮೇಲೆ, ಹಿಂದೆ ಅಪ್ಪ ಗುರಪ್ಪ ಮೋಟಾರುಸೈಕಲ್ ಮೇಲೆ. "ಹೊಡಿಯವ್ವಾ, ಹೊಡಿ!" ಅವನ ಕೂಗಿಗೆ ಊರು ಏಳುತ್ತಿತ್ತು. ಹೋದ ಸುಗ್ಗಿಯಲ್ಲಿ, ಹೊಲದಲ್ಲೇ ಅವನ ಎದೆ ನಿಂತಿತು. ಮನೆಗೆ ತರುವಷ್ಟರಲ್ಲಿ ಮೈ ತಣ್ಣಗಾಗಿತ್ತು.

ಆಮೇಲೆ ನೆರೆಮನೆಯ ಅಫ್ತಾಬನ ಮೋಟಾರುಸೈಕಲ್ ಹಿಂದೆ ಕೂತು ರೇಣವ್ವನೇ ಕೂಗಿದಳು. ಕೋಮಲ ನಡುದಾರಿಯಲ್ಲಿ ಇಳಿದುಬಿಟ್ಟಳು.

"ಯವ್ವಾ, ಹೊಡಿ ಅನಬ್ಯಾಡ. ಅಪ್ಪನ ದನಿ ಕೇಳತೈತಿ. ಕಾಲ ನಿಂದರತಾವ."

"ಮತ್ತೇನ್ ಅನ್ಲಿ?"

"ಏನೂ ಅನಬ್ಯಾಡ. ಈ ಸಲ ಜಿಲ್ಲಾ ತಂಡಕ್ಕ ಆಯ್ಕೆ ಆಗ್ಲಿಲ್ಲಂದ್ರ ಸೈಕಲ್ ಬಿಟ್ಟಬಿಡತೇನಿ."

ವಿಜಯಪುರದ ಶಿಬಿರದಲ್ಲಿ ಸ್ಪೇನಿನ ಮಾರ್ತಾ ಎಂಬಾಕೆ ಕೋಮಲಳಿಗೆ ಕಲಿಸಿದ್ದಳು. ಅವಳ ಮಾತುಗಳು ಮಗಳ ಫೋನಿನಲ್ಲಿ ರೆಕಾರ್ಡ್ ಆಗಿದ್ದವು. ರೇಣವ್ವ ರೊಟ್ಟಿ ಬಡಿಯುತ್ತ ಅವನ್ನು ಕೇಳಿದಳು, ಅರ್ಥವನ್ನು ಮಗಳಿಂದ ತಿಳಿದುಕೊಂಡಳು. 'ರೆಸ್ಪಿರಾ' ಅಂದರೆ ಉಸಿರು ತಗೊ. 'ಮಾಸ್ ರಾಪಿದೊ', ಇನ್ನೂ ಜೋರು. 'ದೆಸ್ಪಾಸಿಯೊ', ನಿಧಾನ. ಆ ಮಾತುಗಳಲ್ಲಿ ಗುರಪ್ಪ ಇರಲಿಲ್ಲ. ಎಮ್ಮೆಯ ಮುಂದೆ ಹೇಳಿ ಹೇಳಿ ನಾಲಿಗೆ ತಿರುಗಿಸಿಕೊಂಡಳು.

ಅತ್ತೆ ಶೇವಂತೆವ್ವ ಸಿಡುಕಿದಳು. "ಗಂಡ ಹೋಗಿ ವರ್ಷ ತುಂಬಿಲ್ಲ. ರಸ್ತೆದಾಗ ಒದರಾಕ ಹೊಂಟಿಯೇನ?"

"ಹೌದ್ರಿ ಅತ್ತಿ. ನಿಮ್ಮ ಮಗ ಒದರತಿದ್ದ. ಈಗ ನಾ ಒದರತೇನಿ."

ಆಯ್ಕೆಯ ಸ್ಪರ್ಧೆ ತಾಂಬಾದಿಂದ ಝಳಕಿಗೆ ಹೋಗುವ ದಾರಿಯಲ್ಲಿ. ರೇಣವ್ವ ಇಳಿಜಾರಿನ ತಿರುವಿನಲ್ಲಿ ನಿಂತಳು. ಅಲ್ಲಿ ರಸ್ತೆಯ ತುಂಬ ತೊಗರಿ ಗಿಡ ಹರವಿತ್ತು. ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಈ ಕಡೆ ಎಲ್ಲರೂ ಹರವುತ್ತಾರೆ. ಸೈಕಲ್ ಗಾಲಿ ಅದರ ಮೇಲೆ ಜಾರಿದರೆ ಮೂಳೆ ಉಳಿಯುವುದಿಲ್ಲ. ಸೆರಗು ಬಿಗಿದು ಗಿಡ ಎಳೆಯತೊಡಗಿದಳು. ಒಂದು ಅಂಚು ತೆರವಾಗಿತ್ತು, ಅಷ್ಟರಲ್ಲಿ ಮೇಲಿನಿಂದ ಕೋಮಲ ಎಲ್ಲರಿಗಿಂತ ಮುಂದೆ ಬಂದಳು. ಜನ ಕುಣಿಯುತ್ತಿದ್ದರು, "ಹೊಡಿ! ಹೊಡಿ!"

"ದೆಸ್ಪಾಸಿಯೊ! ಕೋಮಲಾ, ದೆಸ್ಪಾಸಿಯೊ!"

ಹುಡುಗಿ ಬ್ರೇಕ್ ಹಿಡಿದಳು. ತೆರವಾದ ಅಂಚಿನಿಂದ ದಾಟಿದಳು. ಹಿಂದಿನವರೂ ಅದೇ ಅಂಚು ಹಿಡಿದರು. ಯಾರೂ ಬೀಳಲಿಲ್ಲ. ಆದರೆ ಅವರು ಕೋಮಲಳ ಸಮಕ್ಕೆ ಬಂದುಬಿಟ್ಟಿದ್ದರು.

"ಈಗ ಮಾಸ್ ರಾಪಿದೊ! ಮಾಸ್, ನನ್ನವ್ವಾ, ಮಾಸ್!"

ಕೋಮಲ ಸೀಟಿನಿಂದ ಎದ್ದು ತುಳಿದಳು. ತಿರುವಿನಾಚೆ ಮರೆಯಾದಳು.

ತೊಗರಿಯ ಒಡೆಯ ಪರಪ್ಪ ಓಡಿ ಬಂದ. "ಯಕ್ಕಾ, ಅದ್ಯಾವ ಭಾಷಾ ಒದರಿದಿ?"

"ಸ್ಪ್ಯಾನಿಷ್. ನೀ ಮೊದಲ ನಿನ್ನ ತೊಗರಿ ಬಳಕೊ."

ಸ್ವಲ್ಪ ಹೊತ್ತಿಗೆ ಅಫ್ತಾಬ ಗಾಡಿ ತಂದ. "ಕಾಕೀ, ಕೋಮಲ ಮೂರನೇದಾಕಿ ಆಗಿ ಬಂದಾಳ! ಆಯ್ಕೆ ಆತು! ಹತ್ರಿ, ಕರಿಯಾಕತ್ತಾಳ."

ಜನ ಸರಿದು ದಾರಿ ಬಿಟ್ಟರು. "ಆ ಹುಡುಗಿ ಅವ್ವ ಇಕಿನ" ಎಂದು ಯಾರೋ ಅಂದರು. ರೇಣವ್ವ ತಲೆ ಎತ್ತಿಕೊಂಡೇ ಗಾಡಿ ಹತ್ತಿದಳು.